ಸಂಸ್ಥಾಧ್ಯಕ್ಷನೂ ಅಕ್ಕಯ್ಯನ ಫೋನೂ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಂಗಳವನ್ನು ದಾಟಿ, ಹಿಮವದ್ ಗೋಪಾಲಸ್ವಾಮಿಯ ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಮುಂದೆ ನಡೆದರೆ, ಚೆಂಡುಹೂವಿನ ಹೊಲಗಳು ಮುಗಿದು ಕಾಡು ಮೊದಲಾಗುವ ಒಂದು ಅಂಚು ಸಿಕ್ಕುತ್ತದೆ. ಆ ಅಂಚಿನ ಹಳ್ಳಿಯೊಂದರಲ್ಲಿ ನಮ್ಮ ಅಕ್ಕಯ್ಯನು ವಾಸವಾಗಿದ್ದಾಳೆ. ಭಾವನವರು ತೀರಿಕೊಂಡು ಹನ್ನೊಂದು ವರ್ಷಗಳಾದುವು. ಮಗನು ಹೂವಿನ ವ್ಯಾಪಾರದ ನಿಮಿತ್ತವಾಗಿ ಮುತ್ತಂಗದ ಆಚೆ, ಸುಲ್ತಾನ್ ಬತ್ತೇರಿಯಲ್ಲಿ ನೆಲಸಿದ್ದಾನೆ. ಪೇಟೆಗೆ ಬಂದು ನಮ್ಮ ಮನೆಯಲ್ಲಿ ಇರೆಂದು ನಾನು ಎಷ್ಟು ಸಲ ಕರೆದರೂ ಆಕೆ ಒಪ್ಪಲಿಲ್ಲ. “ಹಸು ಕಟ್ಟಿದ ಮನೆಗೆ ಬೀಗ ಹಾಕಬಾರದು ಕಣೋ ತಮ್ಮಯ್ಯ” ಎಂಬುದು ಆಕೆಯ ಒಂದೇ ಉತ್ತರ. ಆಕೆಗೂ ನಮಗೂ ನಡುವೆ ಇರುವ ಸೇತುವೆ ಎಂದರೆ ಒಂದು ಸಣ್ಣ ಫೋನು. ಅಂಗಡಿಯವರು ಇದನ್ನು ‘ಬೇಸಿಕ್ ಸೆಟ್ಟು’ ಎನ್ನುತ್ತಾರೆ. ಅದರಲ್ಲಿ ಚಿತ್ರ ಬಾರದು, ಸಿನಿಮಾ ಬಾರದು. ಮಾತು ಮಾತ್ರ ಬರುತ್ತದೆ. ಅಕ್ಕಯ್ಯನಿಗೂ ಬೇಕಾದುದು ಅಷ್ಟೆ.

ಈ ಫೋನಿಗೆ ‘ಕರೆನ್ಸಿ’ ಹಾಕಿಸುವ ಕಾರ್ಯವನ್ನು ನಾನು ವಹಿಸಿಕೊಂಡಿದ್ದೆನು. ಪ್ರತಿ ಸಂಕಷ್ಟಹರ ಚತುರ್ಥಿಯಂದು ಅಕ್ಕಯ್ಯನಿಗೆ ಉಪವಾಸ. ಆ ಸಂಜೆ ನಾನು ಗರಿಕೆ, ಹಣ್ಣುಗಳನ್ನು ತೆಗೆದುಕೊಂಡು ಹೋಗಿ, ಚಂದ್ರದರ್ಶನವಾದ ಮೇಲೆ ಅಲ್ಲಿಯೇ ಊಟ ಮಾಡಿ, ಮರುದಿನ ಹಿಂದಿರುಗುವುದು ರೂಢಿ. ಹೋಗುವ ದಾರಿಯಲ್ಲಿ ಅಂಗಡಿಯವನಿಗೆ ಹಣ ಕೊಟ್ಟು ‘ಒಂದು ತಿಂಗಳಿಗೆ ಹಾಕಪ್ಪ’ ಎಂದು ಹೇಳುವೆನು. ಸಂಕಷ್ಟಿಯಿಂದ ಸಂಕಷ್ಟಿಗೆ ಒಂದು ತಿಂಗಳು. ಈ ಲೆಕ್ಕದಲ್ಲಿ ತಪ್ಪು ಇರಬಹುದೆಂದು ಪಾಠಶಾಲೆಯಲ್ಲಿ ಪಂಚಾಂಗಗಣಿತವನ್ನು ಓದಿದ ನನಗೆ ಹೊಳೆಯಲೇ ಇಲ್ಲ.

2024ನೆಯ ಇಸವಿಯ ಚಳಿಗಾಲದಲ್ಲಿ, ಸಂಕಷ್ಟಿಯ ಹಿಂದಿನ ರಾತ್ರಿ, ಅಕ್ಕಯ್ಯನು ಕೊಟ್ಟಿಗೆಯಲ್ಲಿ ಹಸು ಬೆದರಿದ ಸದ್ದನ್ನು ಕೇಳಿ ಎದ್ದು ಹೋದವಳು ಹೊಸಲು ಎಡವಿ ಬಿದ್ದಳು. ಸೊಂಟದ ಮೂಳೆ ಬಿರುಕುಬಿಟ್ಟಿತು. ಫೋನು ಸೆರಗಿನ ಗಂಟಿನಲ್ಲಿಯೇ ಇತ್ತು. ನನ್ನ ಹೆಸರಿನ ಗುಂಡಿಯನ್ನು ಒತ್ತಿದಳು. ಒಂದು ಹೆಣ್ಣುದನಿ, ಅವಧಿ ಮುಗಿದಿದೆಯೆಂದು ಹೇಳಿ ಕರೆಯನ್ನು ಕಡಿದುಬಿಟ್ಟಿತು. ಮಗನಿಗೆ ಒತ್ತಿದಳು, ಅದೇ ದನಿ. ಕಾಡಿನ ಅಂಚಿನ ಊರು. ಆನೆಗೆ ಹೆದರಿ ರಾತ್ರಿ ಯಾರೂ ಕದ ತೆರೆಯುವುದಿಲ್ಲ. ಬೆಳಗ್ಗೆ ಹಾಲಿಗೆ ಬಂದ ಹುಡುಗನು ನೋಡುವವರೆಗೆ ಆಕೆ ಆ ಮಣ್ಣುನೆಲದ ಮೇಲೆ, ಚಳಿಯಲ್ಲಿ, ಹಾಗೆಯೇ ಮಲಗಿದ್ದಳು.

ಆಸ್ಪತ್ರೆಯಲ್ಲಿ ಆಕೆಯ ಪಕ್ಕದಲ್ಲಿ ಕುಳಿತು ನಾನು ದಿನಗಳನ್ನು ಎಣಿಸಿದೆನು. ಅಂಗಡಿಯವನು ಮೋಸ ಮಾಡಿರಲಿಲ್ಲ. ಅವನು ಹಾಕಿದ್ದು ಇಪ್ಪತ್ತೆಂಟು ದಿನಗಳ ಯೋಜನೆ. ಪೇಟೆಯಲ್ಲಿ ಅದಕ್ಕೇ ‘ತಿಂಗಳು’ ಎಂದು ಹೆಸರು. ನಮ್ಮ ಶಾಸ್ತ್ರದಲ್ಲಿ ತಿಂಗಳನ್ನು ಅಳೆಯಲು ನಾಲ್ಕು ಮಾನಗಳಿವೆ: ಸೂರ್ಯನು ಒಂದು ರಾಶಿಯನ್ನು ದಾಟುವ ಸೌರಮಾಸ, ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳ ಚಾಂದ್ರಮಾಸ, ಮೂವತ್ತು ದಿನಗಳ ಸಾವನಮಾಸ, ಚಂದ್ರನು ನಕ್ಷತ್ರಚಕ್ರವನ್ನು ಒಮ್ಮೆ ಸುತ್ತುವ ಇಪ್ಪತ್ತೇಳು ಚಿಲ್ಲರೆ ದಿನಗಳ ನಾಕ್ಷತ್ರಮಾಸ. ಇಪ್ಪತ್ತೆಂಟು ದಿನಗಳ ಮಾಸವು ಇವುಗಳಲ್ಲಿ ಯಾವುದೂ ಅಲ್ಲ. ಈ ಐದನೆಯ ಮಾನದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಅಂದರೆ ಪ್ರತಿ ವರ್ಷವೂ ಒಂದು ಅಧಿಕಮಾಸ, ಹದಿಮೂರು ಸಲ ಹಣ. ಸಂಕಷ್ಟಿಯಿಂದ ಸಂಕಷ್ಟಿಗೆ ನಡುವೆ ಬಿದ್ದ ಎರಡು ದಿನಗಳ ಈ ಕಂದಕದಲ್ಲಿ ನನ್ನ ಅಕ್ಕ ಬಿದ್ದಳು. ತಪ್ಪು ನನ್ನದೂ ಹೌದು; ಕೇಳದೆ ನಂಬಿದೆನು. ಆದರೆ, ತಿಂಗಳಲ್ಲದುದನ್ನು ತಿಂಗಳೆಂದು ಮಾರುವಾಗ ಅದನ್ನು ನೋಡುವವರು ಯಾರೂ ಇಲ್ಲವೆ? ಈ ಪ್ರಶ್ನೆಯು ನನ್ನನ್ನು ಬಿಡಲಿಲ್ಲ.

ಈ ಪ್ರಶ್ನೆಯು ನಮ್ಮವರಿಗೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಯ ಕಟ್ಟೊಂದರಲ್ಲಿ ಕೌಟಲ್ಯನ ಅರ್ಥಶಾಸ್ತ್ರವನ್ನು ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದುದನ್ನು ವಾಚಕರು ಬಲ್ಲರು. ಆ ಗ್ರಂಥದಲ್ಲಿ ‘ಸಂಸ್ಥಾಧ್ಯಕ್ಷ’ನೆಂಬ ಅಧಿಕಾರಿಯೊಬ್ಬನು ಬರುತ್ತಾನೆ. ಸಂಸ್ಥೆಯೆಂದರೆ ಅಲ್ಲಿ ಮಾರುಕಟ್ಟೆ. ತಕ್ಕಡಿ, ಅಳತೆಗಳನ್ನು ಪರೀಕ್ಷಿಸುವುದು, ಕೀಳು ಸರಕನ್ನು ಮೇಲಾದುದೆಂದು ಮಾರುವವರನ್ನು ದಂಡಿಸುವುದು, ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದು ಬೆಲೆ ಏರಿಸಿದರೆ ಸಾವಿರ ಪಣ ದಂಡ ವಿಧಿಸುವುದು ಇವೇ ಅಲ್ಲಿ ಹೇಳಿದ ವ್ಯವಸ್ಥೆ. ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವೆಂದು ಆತನು ಕಟ್ಟುಮಾಡುತ್ತಾನೆ. ಮಾತನ್ನೇ ಸರಕಾಗಿ ಮಾರುವ ಈ ಕಾಲಕ್ಕೆ ಸಂಸ್ಥಾಧ್ಯಕ್ಷನು ಯಾರೆಂದು ನಾನು ವಿಚಾರಿಸತೊಡಗಿದೆನು. ನನ್ನ ಹಳೆಯ ಶಿಷ್ಯನೊಬ್ಬನು ವಕೀಲನಾಗಿದ್ದಾನೆ. ಅವನು ಕಾಗದಪತ್ರಗಳನ್ನು ತಂದುಕೊಟ್ಟು, “ಮೇಷ್ಟ್ರೇ, ನಿಮ್ಮ ಸಂಸ್ಥಾಧ್ಯಕ್ಷ ದಿಲ್ಲಿಯಲ್ಲಿದ್ದಾನೆ, ಹೆಸರು ಟ್ರಾಯ್” ಎಂದನು.

ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೆಂಬುದು ಇದರ ಪೂರ್ಣನಾಮ. 1997ರ ಶಾಸನದಿಂದ ಹುಟ್ಟಿದುದು. ಅದೇ ವರ್ಷ ನಮ್ಮ ಚಾಮರಾಜನಗರವು ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಆದಕಾರಣ ಇಬ್ಬರೂ ಸಮವಯಸ್ಕರು. ಇದಕ್ಕೆ ಮೊದಲು ತಂತಿಯನ್ನು ಎಳೆಯುವವರೂ, ದರವನ್ನು ಗೊತ್ತುಮಾಡುವವರೂ, ದೂರನ್ನು ಕೇಳುವವರೂ ಒಂದೇ ಸರ್ಕಾರಿ ಇಲಾಖೆಯವರಾಗಿದ್ದರು. 1994ರ ದೂರಸಂಪರ್ಕ ನೀತಿಯ ಬಳಿಕ ಖಾಸಗಿ ಕಂಪನಿಗಳು ಅಂಗಡಿ ತೆರೆದುವು. ಇಲಾಖೆಯೂ ಒಬ್ಬ ವರ್ತಕನೇ ಆದ ಮೇಲೆ, ಉಳಿದ ವರ್ತಕರ ತಕ್ಕಡಿಯನ್ನು ಅದೇ ಪರೀಕ್ಷಿಸುವುದು ನ್ಯಾಯವೆನಿಸಲಿಲ್ಲ. ಪ್ರತ್ಯೇಕವಾದ ಪ್ರಾಧಿಕಾರವು ಬಂದುದು ಹೀಗೆ. 2000ದಲ್ಲಿ ಶಾಸನವನ್ನು ತಿದ್ದಿ, ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರವನ್ನು ಇದರ ಕೈಯಿಂದ ತೆಗೆದು ಬೇರೊಂದು ನ್ಯಾಯಾಧಿಕರಣಕ್ಕೆ ಒಪ್ಪಿಸಿದರು. ಅದೇ ವರ್ಷ ಇಲಾಖೆಯ ಫೋನಿನ ವ್ಯವಹಾರವು ಬಿ.ಎಸ್.ಎನ್.ಎಲ್. ಎಂಬ ಸರ್ಕಾರಿ ಕಂಪನಿಯಾಯಿತು. ವರ್ತಕ, ಪರೀಕ್ಷಕ, ನ್ಯಾಯಾಧೀಶ ಎಂಬ ಮೂರು ಪೀಠಗಳು ಬೇರೆ ಬೇರೆಯಾದುವು.

ಈ ಪ್ರಾಧಿಕಾರದ ಮಾತಿಗೆ ಎರಡು ತೂಕಗಳುಂಟು. ಯಾರಿಗೆ ಪರವಾನಗಿ ಕೊಡಬೇಕು, ತರಂಗಗಳನ್ನು ಯಾವ ಬೆಲೆಗೆ ಹರಾಜು ಹಾಕಬೇಕು ಎಂಬಂಥ ವಿಷಯಗಳಲ್ಲಿ ಅದು ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಅಷ್ಟೆ. ಆದರೆ ದರದ ಕ್ರಮ, ಒಂದು ಕಂಪನಿಯ ಕರೆಯನ್ನು ಇನ್ನೊಂದು ಬರಮಾಡಿಕೊಳ್ಳುವ ರೀತಿ, ಸೇವೆಯ ಗುಣ, ಬಳಕೆದಾರರ ರಕ್ಷಣೆ ಇವುಗಳಲ್ಲಿ ಅದರ ಆಜ್ಞೆಗೆ ಕಂಪನಿಗಳು ತಲೆಬಾಗಲೇಬೇಕು. ಕೌಟಲ್ಯನಂತೆ ಇದು ನೂರಕ್ಕೆ ಇಷ್ಟೇ ಲಾಭವೆಂದು ಕಟ್ಟುಮಾಡುವುದಿಲ್ಲ. ಬಹುಪಾಲು ದರಗಳನ್ನು ಕಂಪನಿಗಳ ಇಚ್ಛೆಗೆ ಬಿಟ್ಟು, ಜಾರಿಗೆ ತಂದ ಏಳು ಕೆಲಸದ ದಿನಗಳೊಳಗೆ ತನಗೆ ವರದಿ ಮಾಡಬೇಕೆನ್ನುತ್ತದೆ. ಬೆಲೆಯು ಪೈಪೋಟಿಯಿಂದಲೇ ಇಳಿಯುವುದೆಂಬುದು ಇದರ ನಂಬಿಕೆ. ಇಂದು ಪೈಪೋಟಿಗೆ ಉಳಿದಿರುವವರು ಮೂರು ದೊಡ್ಡ ಖಾಸಗಿ ಕಂಪನಿಗಳೂ ಸರ್ಕಾರದವೂ ಮಾತ್ರವಾದುದರಿಂದ, ಈ ನಂಬಿಕೆಯ ಮೇಲೆ ಎಷ್ಟು ಭಾರ ಹಾಕಬಹುದೆಂಬುದು ವಿಚಾರಾರ್ಹವಾಗಿದೆ.

ಇಷ್ಟಾದರೂ ಇದರಿಂದ ಉಪಕಾರವೇ ಆಗಿಲ್ಲವೆನ್ನಲಾಗದು. ನಮ್ಮ ಕಾಡು ಮೂರು ರಾಜ್ಯಗಳ ಮೂಲೆ. ಆನೆಗೆ ಇಲ್ಲದ ಗಡಿಯು ಫೋನಿಗೆ ಉಂಟು. ಕರ್ನಾಟಕ, ಕೇರಳ, ತಮಿಳುನಾಡು ಎಂಬ ಮೂರು ವಲಯಗಳು ಇಲ್ಲಿ ಸೇರುತ್ತವೆ. ಒಂದು ಕಾಲದಲ್ಲಿ ಅಕ್ಕಯ್ಯನ ಮಗನು ಮುತ್ತಂಗವನ್ನು ದಾಟಿದನೆಂದರೆ, ತಾಯಿಯು ಮಾಡಿದ ಕರೆಯನ್ನು ತೆಗೆದುಕೊಳ್ಳುವುದಕ್ಕೂ ಅವನು ಹಣ ತೆರಬೇಕಾಗಿತ್ತು. ‘ಎರಡು ಸಲ ಬಡಿದು ನಿಲ್ಲಿಸಿದರೆ ಕ್ಷೇಮವೆಂದು ತಿಳಿ’ ಎಂದು ತಾಯಿಮಕ್ಕಳು ಒಪ್ಪಂದ ಮಾಡಿಕೊಂಡಿದ್ದರು. 2013ರಲ್ಲಿಯೂ 2015ರಲ್ಲಿಯೂ ಪ್ರಾಧಿಕಾರವು ಈ ಹೊರವಲಯದ ದರಗಳಿಗೆ ಮಿತಿಯಿಟ್ಟು ತಗ್ಗಿಸಿತು. ಬರಬರುತ್ತ ಆ ಹೊರೆಯೇ ಮಾಯವಾಯಿತು. ಇಪ್ಪತ್ತೆಂಟು ದಿನಗಳ ವಿಷಯದಲ್ಲಿಯೂ 2022ರ ಜನವರಿಯಲ್ಲಿ ಆಜ್ಞೆಯಾಗಿತ್ತು: ಮೂವತ್ತು ದಿನಗಳ ಯೋಜನೆ ಒಂದಾದರೂ, ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸುವ ಯೋಜನೆ ಒಂದಾದರೂ ಪ್ರತಿ ಕಂಪನಿಯ ಅಂಗಡಿಯಲ್ಲಿರಬೇಕು. ಅಂದರೆ ನಮ್ಮ ಸಾವನಮಾಸವನ್ನು ಸಂಸ್ಥಾಧ್ಯಕ್ಷನು ಎರಡು ವರ್ಷ ಮೊದಲೇ ಉದ್ಧಾರ ಮಾಡಿದ್ದನು. ನಾನು ಕೇಳಲಿಲ್ಲ, ಅಂಗಡಿಯವನು ಹೇಳಲಿಲ್ಲ. ಗ್ರಂಥದಲ್ಲಿರುವ ಹಕ್ಕು ಕೇಳದವನಿಗೆ ಇಲ್ಲದ ಹಕ್ಕೇ ಸರಿ.

ಉಳಿದುದು ಇನ್ನೊಂದು ಅನ್ಯಾಯ. ಅಕ್ಕಯ್ಯನ ಯೋಜನೆಯಲ್ಲಿ ಮಾತಿನ ಜೊತೆಗೆ ಇಂಟರ್ನೆಟ್ಟಿನ ಬಾಬ್ತೂ ಸೇರಿತ್ತು. ಆ ಸೆಟ್ಟಿಗೆ ಅದು ಕಿವುಡನ ಮುಂದೆ ಕಿಂದರಿ. ಬರಿಯ ಮಾತಿನ ಯೋಜನೆಯನ್ನು ಕೇಳಿದರೆ ಇಲ್ಲವೆಂಬ ಉತ್ತರ. ಹಾಲು ಕೊಳ್ಳಹೋದವಳು ತುಪ್ಪವನ್ನೂ ಕೊಳ್ಳದಿದ್ದರೆ ಹಾಲಿಲ್ಲವೆಂದಂತೆ. 2024ರ ಜುಲೈಯಲ್ಲಿ ಪ್ರಾಧಿಕಾರವು ಒಂದು ಸಮಾಲೋಚನಾ ಪತ್ರವನ್ನು ಹೊರಡಿಸಿತೆಂದು ಶಿಷ್ಯನು ತಿಳಿಸಿದನು. ಇದು ಅವರ ಪದ್ಧತಿ: ನಿಯಮವನ್ನು ಮಾಡುವುದಕ್ಕೆ ಮೊದಲು ಪ್ರಶ್ನೆಗಳನ್ನು ಪ್ರಕಟಿಸುವುದು; ಕಂಪನಿಗಳಿಂದಲೂ ಸಾಮಾನ್ಯರಿಂದಲೂ ಅಭಿಪ್ರಾಯಗಳನ್ನು ಬರಮಾಡಿಕೊಳ್ಳುವುದು; ಅವಕ್ಕೆ ಪ್ರತ್ಯುತ್ತರಗಳನ್ನು ಕೇಳುವುದು; ಬಹಿರಂಗ ಚರ್ಚೆ ನಡೆಸುವುದು; ಬಳಿಕ ನಿಯಮವನ್ನು ಮಾಡಿ, ಏಕೆ ಹಾಗೆ ಮಾಡಿದೆವೆಂದು ಬರೆಯುವುದು. ಪೂರ್ವಪಕ್ಷ, ಉತ್ತರಪಕ್ಷ, ಸಿದ್ಧಾಂತ ಎಂಬ ನಮ್ಮ ಮೀಮಾಂಸೆಯ ಅಧಿಕರಣವೇ ಇದೆಂದು ನನಗೆ ಸಂತೋಷವಾಯಿತು. ಅವರ ಪ್ರಶ್ನೆಗಳಲ್ಲಿ ಒಂದು, ಮಾತಿಗೂ ಸಂದೇಶಕ್ಕೂ ಮಾತ್ರ ಪ್ರತ್ಯೇಕ ಯೋಜನೆ ಬೇಕೆ ಎಂಬುದಾಗಿತ್ತು. ಅಕ್ಕಯ್ಯನ ಕಥೆಯನ್ನು ಎರಡು ಪುಟಗಳಲ್ಲಿ ಕನ್ನಡದಲ್ಲಿ ಬರೆದೆನು. ಶಿಷ್ಯನು ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟು ಗಡುವಿನೊಳಗೆ ದಿಲ್ಲಿಗೆ ಅಂಚೆಯಲ್ಲಿ ಕಳುಹಿಸಿದೆನು.

2024ರ ಡಿಸೆಂಬರ್ 23ರಂದು ನಿಯಮವು ಹೊರಬಿತ್ತು. ಮಾತು ಮತ್ತು ಸಂದೇಶ ಇವೆರಡಕ್ಕೇ ಮೀಸಲಾದ ಯೋಜನೆ ಒಂದಾದರೂ ಪ್ರತಿ ಕಂಪನಿಯಲ್ಲಿರಬೇಕು. ಇಂಥ ವಿಶೇಷ ಯೋಜನೆಗಳ ಅವಧಿಯನ್ನು ಹಿಂದಿನ ತೊಂಬತ್ತು ದಿನಗಳ ಬದಲು 365 ದಿನಗಳವರೆಗೂ ಇಡಬಹುದು. ನನ್ನ ಪತ್ರದಿಂದ ಇದಾಯಿತೆಂದು ಹೇಳಿಕೊಳ್ಳುವಷ್ಟು ಮೂಢನು ನಾನಲ್ಲ. ಇಂಟರ್ನೆಟ್ಟು ಬೇಡದ ಮುದುಕರೂ ಬಡವರೂ ದೇಶದಲ್ಲಿ ಕೋಟಿಗಟ್ಟಲೆ ಇದ್ದಾರೆ. ಸೇತುವೆ ಕಟ್ಟಿದುದು ಅವರ ಕಷ್ಟ, ನನ್ನದು ಅಳಿಲ ಸೇವೆ. 2025ರ ಜನವರಿಯಲ್ಲಿ ಕಂಪನಿಗಳು ಹೊಸ ಯೋಜನೆಗಳನ್ನು ಪ್ರಕಟಿಸಿದುವು. ಬೆಲೆಗಳನ್ನು ಪರಿಶೀಲಿಸುವೆವೆಂದು ಪ್ರಾಧಿಕಾರವು ಹೇಳಿದ ಕೆಲವೇ ದಿನಗಳಲ್ಲಿ ಅವುಗಳಲ್ಲಿ ಕೆಲವು ಸ್ವಲ್ಪ ತಗ್ಗಿದುವು. ಅಧ್ಯಕ್ಷನು ತಕ್ಕಡಿಯ ಹತ್ತಿರ ಬಂದು ನಿಂತರೆ ಸಾಕು, ಒಮ್ಮೊಮ್ಮೆ ಮುಳ್ಳು ತಾನೇ ನೆಟ್ಟಗಾಗುತ್ತದೆ.

ಇನ್ನು ಅಂಚೆಯ ಮಾತು. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ನಳದಮಯಂತಿಯರ ನಡುವೆ ಓಲೆಯಿಲ್ಲದೆ ಸುದ್ದಿ ಒಯ್ದ ಹಕ್ಕಿ ಅದು. ನಮ್ಮ ಮೈಸೂರಿಗೆ ತನ್ನದೇ ಆದ ಅಂಚೆಯಿತ್ತು. 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನು ಸ್ಥಾಪಿಸಿದರೆಂದು ಚರಿತ್ರಕಾರರು ಬರೆಯುತ್ತಾರೆ. ಅಂಚೆಯವರು ಕಾಗದಗಳನ್ನು ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿದ್ದರಂತೆ. 1889ರಲ್ಲಿ ಅದು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿಹೋಯಿತು. ಅಂದಿನಿಂದ ಇಂದಿನವರೆಗೆ ಅಂಚೆಯನ್ನು ನಡೆಸುವವರೂ ಅದರ ನಿಯಮವನ್ನು ಮಾಡುವವರೂ ಒಬ್ಬರೇ. 1898ರ ಶಾಸನವು ಕಾಗದಗಳನ್ನು ಸಾಗಿಸುವ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತ್ತು. 2023ರಲ್ಲಿ ಬಂದು 2024ರ ಜೂನಿನಲ್ಲಿ ಜಾರಿಯಾದ ಹೊಸ ಶಾಸನದಲ್ಲಿ ಆ ಏಕಸ್ವಾಮ್ಯವಿಲ್ಲ. ಅಂಚೆಚೀಟಿಯನ್ನು ಹೊರಡಿಸುವ ಹಕ್ಕು ಮಾತ್ರ ಉಳಿದಿದೆ. ದೇಶದ ರಕ್ಷಣೆಯೇ ಮೊದಲಾದ ಕಾರಣಗಳಿಗಾಗಿ ಅಂಚೆಯ ವಸ್ತುವನ್ನು ತಡೆದು ತೆರೆಯುವ ಅಧಿಕಾರವೂ ಹಾಗೆಯೇ ಇದೆ. ಆದರೆ ಅಂಚೆಗಾಗಲಿ, ಬೀದಿಬೀದಿಯ ಕೊರಿಯರುಗಳಿಗಾಗಲಿ ಟ್ರಾಯಿಯಂಥ ಪ್ರತ್ಯೇಕ ಸಂಸ್ಥಾಧ್ಯಕ್ಷನಿಲ್ಲ.

ಇದರ ಫಲವನ್ನು ನಮ್ಮ ಸಂಘವೇ ಅನುಭವಿಸಿತು. ಅಕ್ಕಯ್ಯನಿಗೆ ಅನುಕೂಲವಾದ ಅದೇ 2024ರ ಡಿಸೆಂಬರಿನಲ್ಲಿ, ಮುದ್ರಿತ ಪುಸ್ತಕಗಳನ್ನು ಅಗ್ಗದ ದರದಲ್ಲಿ ರಿಜಿಸ್ಟರು ಮಾಡಿ ಕಳುಹಿಸುವ ಹಳೆಯ ಸೌಕರ್ಯವು ನಿಂತುಹೋಯಿತು. ನಮ್ಮ ಪ್ರಕಟಣೆಗಳ ಕಟ್ಟನ್ನು ಹೊತ್ತುಕೊಂಡು ಹೋದ ಹುಡುಗನು ಅದನ್ನು ಹಾಗೆಯೇ ಹಿಂದಕ್ಕೆ ಹೊತ್ತು ತಂದಾಗಲೇ ಈ ಸಂಗತಿಯು ನಮಗೆ ತಿಳಿದುದು. 2025ರ ಮೇ ತಿಂಗಳಿನಲ್ಲಿ ‘ಜ್ಞಾನ್ ಪೋಸ್ಟ್’ ಎಂಬ ಹೊಸ ಹೆಸರಿನಿಂದ ಪುಸ್ತಕಗಳಿಗೆ ಬೇರೊಂದು ದರವು ಬಂದಿತು. ಅದಕ್ಕೆ ನಾವು ಕೃತಜ್ಞರು. ಇಲಾಖೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಅಕ್ಕಯ್ಯನ ಪಿಂಚಣಿಯನ್ನು ಮಳೆಬಿಸಿಲೆನ್ನದೆ ಮನೆಬಾಗಿಲಿಗೆ ತಂದು, “ಅಜ್ಜಿ, ಎಣಿಸಿಕೊಳ್ಳಿ” ಎಂದು ಕೈಗಿಡುವ ಅಂಚೆಯಣ್ಣನಷ್ಟು ನಂಬಿಕಸ್ಥನನ್ನು ಯಾವ ಕಂಪನಿಯೂ ನಮ್ಮ ಕಾಡಂಚಿಗೆ ಕಳುಹಿಸಿಲ್ಲ. ನಾನು ಹೇಳುವುದಿಷ್ಟೆ: ಆ ಐದು ತಿಂಗಳ ನಡುವಿನ ಅಂತರವು ಸಣ್ಣ ಸಂಘಗಳಿಗೆ ಏನನ್ನು ಮಾಡೀತೆಂದು ವಿಚಾರಿಸುವುದೇ ಕೆಲಸವಾಗಿರುವ ಮೂರನೆಯವನೊಬ್ಬನು ಅಲ್ಲಿ ಇರಬೇಕಾಗಿತ್ತು. ಫೋನಿನವರಿಗೆ ಅಂಥವನೊಬ್ಬನಿದ್ದಾನೆ, ಆತನ ಬೆಲೆಯು ನನಗೆ ತಿಳಿದುದು ಅವನಿಲ್ಲದ ಕಡೆಯಲ್ಲಿ.

ಹೀಗೆಂದು ಅವನನ್ನು ಸರ್ವಶಕ್ತನೆಂದು ತಿಳಿಯಬಾರದು. ಒಬ್ಬೊಬ್ಬರ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ. ಮೊದಲು ಕಂಪನಿಗೆ ದೂರಬೇಕು, ಅಲ್ಲಿ ತೀರದಿದ್ದರೆ ಅದೇ ಕಂಪನಿಯ ಮೇಲ್ಮನವಿಯ ಅಧಿಕಾರಿಗೆ ದೂರಬೇಕು. ಕರೆಯು ನಡುವೆ ಕಡಿದರೆ ಒಂದು ರೂಪಾಯಿಯಂತೆ, ದಿನಕ್ಕೆ ಮೂರರವರೆಗೆ, ಪರಿಹಾರ ಕೊಡಬೇಕೆಂದು 2015ರಲ್ಲಿ ಅದು ವಿಧಿಸಿದುದನ್ನು ಸುಪ್ರೀಮ್ ಕೋರ್ಟು 2016ರ ಮೇ ತಿಂಗಳಲ್ಲಿ ತಳ್ಳಿಹಾಕಿತು. 2024ರ ಗುಣಮಟ್ಟದ ನಿಯಮಗಳಲ್ಲಿ, ಸೇವೆಯು ಜಿಲ್ಲೆಯ ಮಟ್ಟದಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಾಲ ನಿಂತರೆ ಬಳಕೆದಾರನಿಗೆ ಪರಿಹಾರವುಂಟೆಂದು ಇದೆ. ಒಳ್ಳೆಯ ನಿಯಮ. ಆದರೆ ಅದರ ಅಳತೆಗೋಲು ಜಿಲ್ಲೆ. ಕಳೆದ ಮಳೆಗಾಲದಲ್ಲಿ ಅಕ್ಕಯ್ಯನ ಹಳ್ಳಿಯ ಫೋನುಗಳು ಮೂರು ದಿನ ಮೂಕವಾಗಿದ್ದುವು. ಜಿಲ್ಲೆಯು ಮಾತನಾಡುತ್ತಲೇ ಇತ್ತು. ಆದಕಾರಣ ನಿಯಮದ ಕಣ್ಣಿಗೆ ಅಲ್ಲಿ ಏನೂ ನಡೆದಿರಲಿಲ್ಲ. ಕಾಡಿನೊಳಗೆ ಗೋಪುರಗಳನ್ನು ನೆಡಬೇಕೆಂದು ನಾನು ಹೇಳುವವನಲ್ಲ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಗಳನ್ನು ತಡೆದು ಪ್ರಾಣಿಗಳಿಗೆ ದಾರಿ ಬಿಡುವ ಈ ಊರಿನಲ್ಲಿ, ಮೌನವೂ ಒಂದು ಧರ್ಮವೆಂಬುದನ್ನು ಬಲ್ಲೆನು. ಕಾಡಿನ ಮೌನ ಬೇರೆ. ಹಣ ತೆತ್ತ ಹಳ್ಳಿಯ ಮೌನ ಬೇರೆ. ಮುಂದಿನ ಸಮಾಲೋಚನಾ ಪತ್ರವು ಬಂದಾಗ, ಜಿಲ್ಲೆಯ ಬದಲು ಗ್ರಾಮವನ್ನು ಅಳತೆಯಾಗಿ ಇಟ್ಟುಕೊಳ್ಳಿರೆಂದು ಬರೆಯುವ ಸಂಕಲ್ಪವನ್ನು ಮಾಡಿದ್ದೇನೆ. ವಾಚಕಮಹಾಶಯರಲ್ಲಿ ಕಾಡಂಚಿನ ಬಂಧುಗಳುಳ್ಳವರು ತಾವೂ ಬರೆದರೆ ಅಳಿಲುಗಳು ಹೆಚ್ಚಾದಾವು.

ಅಕ್ಕಯ್ಯನು ಈಗ ಕೋಲು ಹಿಡಿದು ನಡೆಯುತ್ತಾಳೆ. ಹಸುವನ್ನು ಮಾತ್ರ ಬಿಟ್ಟಿಲ್ಲ. 2025ರ ಮಾರ್ಚ್ 30, ವಿಶ್ವಾವಸು ಸಂವತ್ಸರದ ಯುಗಾದಿಯಂದು, ಬೇವುಬೆಲ್ಲವಾದ ಮೇಲೆ, ವರ್ಷದ ಮಾತಿನ ಯೋಜನೆಯನ್ನು ಆಕೆಯ ಫೋನಿಗೆ ಹಾಕಿಸಿದೆನು. “ಇದು ಬರುವ ಯುಗಾದಿಯ ತನಕ ಮಾತಾಡ್ತದೇನೋ?” ಎಂದು ಕೇಳಿದಳು. ಈ ಸಲ ನಾನು ಪಂಚಾಂಗವನ್ನು ತೆಗೆದು ಎಣಿಸಿಯೇ ಉತ್ತರ ಹೇಳಿದೆನು. ಪರಾಭವದ ಯುಗಾದಿಯು 2026ರ ಮಾರ್ಚ್ 19ಕ್ಕೆ. 365 ದಿನಗಳು ಅದನ್ನು ದಾಟಿ ನಿಲ್ಲುತ್ತವೆ. ಆದರೆ ಪರಾಭವದಲ್ಲಿ ಜ್ಯೇಷ್ಠವು ಅಧಿಕವಾಗುವುದರಿಂದ ಅದರ ಮುಂದಿನ ಯುಗಾದಿಯು 2027ರ ಏಪ್ರಿಲ್ 7ಕ್ಕೆ ಜಾರುತ್ತದೆ. ಯುಗಾದಿಯಿಂದ ಯುಗಾದಿಗೆಂದು ನಂಬಿ ಕುಳಿತರೆ ಹತ್ತೊಂಬತ್ತು ದಿನಗಳ ಕಂದಕ. ಆ ದಿನಗಳಿಗೆ ಪಂಚಾಂಗದ ಕೊನೆಯ ಪುಟದಲ್ಲಿ ಕುಂಕುಮದ ಗುರುತನ್ನು ಹಾಕಿ, ಪುಸ್ತಕವನ್ನು ಅಕ್ಕಯ್ಯನ ದೇವರಗೂಡಿನಲ್ಲಿಯೇ ಇಟ್ಟು ಬಂದಿದ್ದೇನೆ.